ಬಾವಿಗೆ ವಿಷ ಹಾಕಿದ್ದು ಯಾರು? ಹೆದರಿದ ಜನ ಯಾವಾಗಲೂ ಒಬ್ಬರನ್ನು ಹುಡುಕುವುದು ಯಾಕೆ?

ಹಳೇಪುಟ
ಒಂದು ವಾರದಿಂದ ಒಂದೇ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ನಿಮ್ಮ ಮುಂದೆ ಇಡುತ್ತಿದ್ದೇನೆ.

1349ರ ಫೆಬ್ರವರಿ 14, ಸ್ಟ್ರಾಸ್‌ಬರ್ಗ್. ಯುರೋಪಿನ ತುಂಬ ಪ್ಲೇಗ್ ಹಬ್ಬುತ್ತಿದೆ. ಯಹೂದಿಗಳು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಅಂತ ಗುಲ್ಲು ಎದ್ದಿತು. ನೂರಾರು ಯಹೂದಿಗಳನ್ನು ಒಂದೇ ದಿನ ಸುಟ್ಟರು. ಆ ಹೊತ್ತಿಗೆ ಪ್ಲೇಗ್ ಆ ಊರಿಗೆ ಇನ್ನೂ ಬಂದೇ ಇರಲಿಲ್ಲ!

1923ರ ಸೆಪ್ಟೆಂಬರ್ 1, ಟೋಕಿಯೊ ಮತ್ತು ಯೊಕೊಹಾಮಾ. ಭೂಕಂಪ, ಅದರ ಹಿಂದೆಯೇ ಬೆಂಕಿ. ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕೊರಿಯನ್ನರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಅಂತ ಗುಲ್ಲು. ದಾರಿಗೆ ಅಡ್ಡ ನಿಂತವರು ಸಿಕ್ಕಿದವರ ಹತ್ತಿರ ಜಪಾನಿಯಲ್ಲಿ 'ಹದಿನೈದು ಯೆನ್ ಐವತ್ತು ಸೆನ್' ಅಂತ ಹೇಳಿಸುತ್ತಿದ್ದರು. ನಾಲಿಗೆ ಸರಿಯಾಗಿ ಹೊರಳದಿದ್ದರೆ ಅಲ್ಲೇ ಕೊಲೆ. ಹೀಗೆ ಸತ್ತವರು ಸಾವಿರಾರು.

ನಡುವೆ 574 ವರ್ಷ. ದೇಶ ಬೇರೆ, ಧರ್ಮ ಬೇರೆ, ಭಾಷೆ ಬೇರೆ. ಬಾವಿ ಮಾತ್ರ ಅದೇ, ವಿಷವೂ ಅದೇ. ಟೋಕಿಯೊದ ಆ ಜನರಿಗೆ ಸ್ಟ್ರಾಸ್‌ಬರ್ಗ್ ಕಥೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾದರೆ ಈ ಸುಳ್ಳು ಪ್ರತಿ ಸಲ ಇದೇ ವೇಷದಲ್ಲಿ ಎಲ್ಲಿಂದ ಬರುತ್ತದೆ? ನಾನು ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಅನ್ನೋದು ನನ್ನ ಇನ್ನೊಂದು ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಧೈರ್ಯದ ಉತ್ತರ ಇಲ್ಲ.

ಗುಬ್ಬಚ್ಚಿ
ಬಾವಿ ಯಾಕೆ ಅಂದ್ರೆ ಎಲ್ಲರೂ ಕುಡಿಯಲೇಬೇಕು. ವಿಷ ಕಣ್ಣಿಗೆ ಕಾಣಲ್ಲ. ಕಾಣದೇ ಇರೋದನ್ನು ಇಲ್ಲ ಅಂತ ಸಾಬೀತು ಮಾಡೋಕೂ ಆಗಲ್ಲ. ಅಷ್ಟೇ ಸಾಕು ಗುಲ್ಲಿಗೆ.

ನೀಲಿಶಾಯಿ
ಬಾವಿ ಇಲ್ಲದಿದ್ದರೆ ಗೋಡೆಯೂ ಆಗುತ್ತದೆ. 1630ರ ಮಿಲಾನ್ ನೋಡಿ.

ಅಲ್ಲೂ ಪ್ಲೇಗ್. ಯಾರೋ ಗೋಡೆಗಳಿಗೆ ವಿಷದ ಮುಲಾಮು ಬಳಿದು ರೋಗ ಹಬ್ಬಿಸುತ್ತಿದ್ದಾರೆ ಅಂತ ಜನ ನಂಬಿದ್ದರು. ಜೂನ್ 21ರ ಬೆಳಿಗ್ಗೆ ಕತೆರೀನಾ ರೋಸಾ ಎಂಬ ಹೆಂಗಸು ಕಿಟಕಿಯಿಂದ ಒಬ್ಬನನ್ನು ನೋಡಿದಳು. ಅವನು ಗೋಡೆಗೆ ಅಂಟಿಕೊಂಡ ಹಾಗೆ ನಡೆಯುತ್ತಿದ್ದ, ಗೋಡೆಗೆ ಕೈ ಒರೆಸುತ್ತಿದ್ದ. ಅವತ್ತು ಮಳೆ ಬರುತ್ತಿತ್ತು, ಮಳೆಯಲ್ಲಿ ಗೋಡೆ ಪಕ್ಕ ನಡೆಯದೆ ಇನ್ನೆಲ್ಲಿ ನಡೆಯಬೇಕು? ಅವನ ಬೆರಳಿಗೆ ಬರೆಯುವ ಶಾಯಿ ಮೆತ್ತಿತ್ತು ಅಂತಲೂ ಆಮೇಲೆ ಗೊತ್ತಾಯಿತು. ಅವನ ಹೆಸರು ಗುಲಿಯೆಲ್ಮೊ ಪಿಯಾತ್ಸಾ. ಆರೋಗ್ಯ ಇಲಾಖೆಯ ನೌಕರ, ಅಂದರೆ ಪ್ಲೇಗ್ ವಿರುದ್ಧವೇ ಕೆಲಸ ಮಾಡುತ್ತಿದ್ದವನು.

ಚಿತ್ರಹಿಂಸೆ ಕೊಟ್ಟರು. ಜೊತೆಗಾರರ ಹೆಸರು ಹೇಳಿದರೆ ಬಿಟ್ಟುಬಿಡುತ್ತೇವೆ ಅಂದರು. ಅವನು ಜಾನ್ ಜಾಕೊಮೊ ಮೋರಾ ಎಂಬ ಕ್ಷೌರಿಕನ ಹೆಸರು ಹೇಳಿದ. ಮೋರಾ ಪ್ಲೇಗಿಗೆ ಮದ್ದಿನ ಮುಲಾಮು ಮಾಡುತ್ತಿದ್ದ. ಆ ಮದ್ದೇ ವಿಷ ಆಯಿತು. ಇಬ್ಬರನ್ನೂ ಕೊಂದರು. ಮೋರಾನ ಮನೆ ಕೆಡವಿ, ಆ ಜಾಗದಲ್ಲಿ ಅವಮಾನದ ಕಂಬ ನಿಲ್ಲಿಸಿದರು. ಅದನ್ನು ತೆಗೆದದ್ದು 1778ರಲ್ಲಿ. ಸುಮಾರು 150 ವರ್ಷ ಒಂದು ಸುಳ್ಳು ಕಲ್ಲಾಗಿ ನಿಂತಿತ್ತು.

ಸಂಜೆಗಾಳಿ
ಕಿಟಕಿಯಲ್ಲಿ ಕೂತ ಒಬ್ಬರು ಸಾಕು ಅಂತಾಯ್ತು. ಓದಿ ಹೊಟ್ಟೆ ತೊಳಸಿತು.

ದಾರಿಹೋಕ
ಹಿಂದಿನ ಕಾಲದವರು ಅನಕ್ಷರಸ್ಥರು, ಮೂಢರು. ಅಮೆರಿಕದ ಸೇಲಂನಲ್ಲಿ ಮಾಟಗಾತಿಯರು ಅಂತ ಎಷ್ಟೋ ಹೆಂಗಸರನ್ನು ಸುಟ್ಟು ಹಾಕಿದರು. ಹುಳ ಹಿಡಿದ ಧಾನ್ಯ ತಿಂದು ಭ್ರಮೆ ಬಂದಿತ್ತು ಅಂತ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಈಗ ಶಿಕ್ಷಣ ಇದೆ, ಅಷ್ಟು ಸುಲಭ ಅಲ್ಲ.

ಕಪ್ಪುಹಲಗೆ
ದಾರಿಹೋಕ ಅವರೇ, ನಿಮ್ಮ ಮಾತಲ್ಲಿ ತಿದ್ದಬೇಕಾದ್ದು ಜಾಸ್ತಿ ಇದೆ. ಬೇಜಾರು ಮಾಡ್ಕೋಬೇಡಿ.

ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. 1692ರಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. ಅವರಲ್ಲಿ 5 ಮಂದಿ ಗಂಡಸರು. ಜೈಲ್ಸ್ ಕೋರಿ ಎಂಬ ಮುದುಕ ವಿಚಾರಣೆಗೆ ಒಪ್ಪಲಿಲ್ಲ ಅಂತ ಎದೆ ಮೇಲೆ ಕಲ್ಲು ಹೇರಿ ಕೊಂದರು. ಜೈಲಿನಲ್ಲೇ ಸತ್ತವರು ಕಡಿಮೆ ಅಂದರೂ ಐವರು.

ಧಾನ್ಯಕ್ಕೆ ಹಿಡಿದದ್ದು ಹುಳ ಅಲ್ಲ, ಎರ್ಗಟ್ ಎಂಬ ಬೂಷ್ಟು. ಆ ವಾದ 1976ರಲ್ಲಿ ಬಂತು. ಅದೇ ವರ್ಷ ಬೇರೆ ಸಂಶೋಧಕರು ಅದಕ್ಕೆ ಬಲವಾದ ಉತ್ತರವನ್ನೂ ಕೊಟ್ಟರು. ಬೂಷ್ಟೇ ಕಾರಣವಾದರೆ ಒಂದೇ ಊಟ ಉಂಡ ಮನೆಮಂದಿಗೆಲ್ಲ ಬರಬೇಕಿತ್ತು. ಹುಡುಗಿಯರು ನರಳುತ್ತಿದ್ದದ್ದು ಆರೋಪಿ ಎದುರಿಗೆ ಬಂದಾಗ. ಬೂಷ್ಟಿಗೆ ಕೋರ್ಟಿನ ವೇಳಾಪಟ್ಟಿ ಗೊತ್ತಿರುತ್ತಾ?

ಓದಿದವರು ಹೀಗೆ ಮಾಡಲ್ಲ ಅನ್ನೋದು ನನಗೆ ಎಲ್ಲಕ್ಕಿಂತ ಅಪಾಯದ ನಂಬಿಕೆ ಅನಿಸುತ್ತದೆ. ನ್ಯಾಯಾಧೀಶರಲ್ಲಿ ಹಾರ್ವರ್ಡ್‌ನಲ್ಲಿ ಓದಿದವರೂ ಇದ್ದರು. ಮಾಟಗಾತಿಯರನ್ನು ಹಿಡಿಯುವುದು ಹೇಗೆ ಅಂತ ಪುಸ್ತಕ ಬರೆದವರು ಪಂಡಿತರೇ. ಯುರೋಪಿನಲ್ಲಿ ಸುಮಾರು 1450ರಿಂದ 1750ರ ತನಕ ಈ ಆರೋಪದ ಮೇಲೆ 40,000ದಿಂದ 60,000 ಜನ ಸತ್ತರು ಅಂತ ಇತಿಹಾಸಕಾರರ ಲೆಕ್ಕ. ಬಹುಪಾಲು ಸತ್ತದ್ದು ಕೋರ್ಟಿನ ತೀರ್ಪಿನಿಂದ, ಬರೆದಿಟ್ಟ ಕಾನೂನಿನ ಪ್ರಕಾರ.

ದಾರಿಹೋಕ
ಗಲ್ಲು ಅನ್ನೋದು ಗೊತ್ತಿರಲಿಲ್ಲ, ಒಪ್ಪಿದೆ. ಶಿಕ್ಷಣದ ಮಾತು ಒಪ್ಪಲ್ಲ. ಓದಿಲ್ಲದ ಜನ ಬೇಗ ನಂಬುತ್ತಾರೆ.

ನೀಲಿಶಾಯಿ
1938ರಲ್ಲಿ ಅಮೆರಿಕದಲ್ಲಿ ರೇಡಿಯೋ ನಾಟಕ ಕೇಳಿ ಮಂಗಳಗ್ರಹದವರು ಬಂದರು ಅಂತ ಇಡೀ ದೇಶ ಬೀದಿಗೆ ಓಡಿತು ಅಂತ ಈಗಲೂ ಓದಿದವರೇ ಬರೆಯುತ್ತಾರೆ. ಹೆದರಿದವರು ಇದ್ದರು ನಿಜ, ಆದರೆ ದೇಶವೇ ಓಡಲಿಲ್ಲ. ಉಬ್ಬಿಸಿ ಬರೆದದ್ದು ಪತ್ರಿಕೆಗಳು. 'ಜನ ಮೂಢರು' ಅನ್ನೋದೂ ಒಂದು ಗುಲ್ಲೇ.

ಮರಳುಗಡಿಯಾರ
ಎಲ್ಲರೂ ಎರಡು ಬೇರೆ ವಿಷಯಗಳನ್ನು ಒಂದೇ ಗಂಟಲ್ಲಿ ಕಟ್ಟುತ್ತಿದ್ದೀರಿ. ಸಮೂಹ ಸನ್ನಿ ಬೇರೆ, ಒಬ್ಬನ ತಲೆಗೆ ಕಟ್ಟುವುದು ಬೇರೆ.

1518ರಲ್ಲಿ ಅದೇ ಸ್ಟ್ರಾಸ್‌ಬರ್ಗ್‌ನಲ್ಲಿ ಒಬ್ಬ ಹೆಂಗಸು ಬೀದಿಯಲ್ಲಿ ಕುಣಿಯಲು ಶುರು ಮಾಡಿದಳು. ನಿಲ್ಲಿಸಲು ಆಗಲಿಲ್ಲ. ನೋಡನೋಡುತ್ತಾ ಕುಣಿಯುವವರು 400ರ ತನಕ ಹೋದರು ಅಂತ ದಾಖಲೆ ಇದೆ. ಕುಣಿದು ಕುಣಿದೇ ವಾಸಿಯಾಗಲಿ ಅಂತ ನಗರಸಭೆ ಜಾಗ ಕೊಟ್ಟಿತು, ವಾದ್ಯದವರನ್ನೂ ಕರೆಸಿತು. ಅದರಿಂದ ಇನ್ನೂ ಹೆಚ್ಚಾಯಿತು. ಕೊನೆಗೆ ವಾದ್ಯ ನಿಲ್ಲಿಸಿ, ಅವರನ್ನು ಸಂತ ವಿಟಸ್‌ನ ಗುಡಿಗೆ ಕರೆದುಕೊಂಡು ಹೋದರು. 1962ರಲ್ಲಿ ಟಾಂಗಾನಿಕಾದ (ಈಗಿನ ಟಾಂಜಾನಿಯಾ) ಕಶಾಶಾದಲ್ಲಿ, ಹುಡುಗಿಯರ ಶಾಲೆಯೊಂದರಲ್ಲಿ ಮೂವರಿಗೆ ನಗು ಶುರುವಾಯಿತು. 159 ಮಕ್ಕಳಲ್ಲಿ 95 ಮಂದಿಗೆ ತಗುಲಿತು. ಶಾಲೆ ಮುಚ್ಚಬೇಕಾಯಿತು.

ಎರಡರಲ್ಲೂ ಯಾರನ್ನೂ ಹಿಡಿದು ಕೊಲ್ಲಲಿಲ್ಲ. ಸನ್ನಿ ತಾನಾಗಿ ಬರುತ್ತದೆ, ತಾನಾಗಿ ಇಳಿಯುತ್ತದೆ. ಕೊಲೆ ಆಗೋದು ಯಾರೋ ಒಬ್ಬರು 'ಇದನ್ನು ನಿಮಗೆ ಮಾಡಿದ್ದು ಯಾರು?' ಅಂತ ಕೇಳಿದಾಗ. ಸೇಲಂನಲ್ಲೂ ಮೊದಲು ನರಳಿದವರು 9 ಮತ್ತು 11 ವರ್ಷದ ಮಕ್ಕಳು. ಆ ಪ್ರಶ್ನೆ ಕೇಳಿದ್ದು ದೊಡ್ಡವರು.

ಹಳೇಪುಟ
ಇದು ನನಗೆ ಹೊಳೆದೇ ಇರಲಿಲ್ಲ. ನಾನು ಬಾವಿಯನ್ನೇ ನೋಡುತ್ತಿದ್ದೆ, ಕೇಳುವವರನ್ನು ನೋಡಲಿಲ್ಲ.

ಕಪ್ಪುಹಲಗೆ
ಒಪ್ಪಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಸೇಲಂನಲ್ಲಿ ತಪ್ಪು ಒಪ್ಪಿಕೊಂಡು ಆ ಮಾತಿಗೇ ನಿಂತವರು ಯಾರೂ ಗಲ್ಲಿಗೆ ಹೋಗಲಿಲ್ಲ. ನಾನು ಮಾಟ ಮಾಡಿಲ್ಲ ಅಂತ ಸತ್ಯ ಹೇಳಿದವರು ಸತ್ತರು. ಹಾಗಿರುವಾಗ ಬದುಕಬೇಕಾದವರು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡರೆ ಜೊತೆಯಲ್ಲಿ ಯಾರಿದ್ದರು ಅಂತ ಕೇಳುತ್ತಾರೆ. ಒಂದು ಹೆಸರಿಗೆ ಎರಡು, ಎರಡಕ್ಕೆ ನಾಲ್ಕು. ಗುಲ್ಲು ಹಬ್ಬುವುದಕ್ಕೆ ಕೋರ್ಟೇ ಕಾಲುವೆ ತೋಡಿಕೊಟ್ಟಿತು.

ಮಾಟದ ಆರೋಪದಲ್ಲಿ ಸಿಕ್ಕಿಬಿದ್ದ ಜರ್ಮನಿಯ ಬಾಂಬರ್ಗ್‌ನ ಮೇಯರ್ ಯೊಹಾನೆಸ್ ಯೂನಿಯಸ್ 1628ರಲ್ಲಿ ಸೆರೆಮನೆಯಿಂದ ಮಗಳು ವೆರೋನಿಕಾಗೆ ಬರೆದ ಕಾಗದ ಉಳಿದಿದೆ. ಬೆರಳು ಜಜ್ಜಿಹಾಕಿದ್ದರಿಂದ ಒಂದೇ ಸಲ ಬರೆಯಲು ಆಗಲಿಲ್ಲ, ದಿನಗಟ್ಟಲೆ ಕೂತು ಬರೆದಿದ್ದಾನೆ. ತಾನು ಹೇಳಿದ್ದೆಲ್ಲ ಸುಳ್ಳು, ಹಿಂಸೆ ತಾಳಲಾರದೆ ಹೇಳಿದೆ ಅಂತಾನೆ. ಬೀದಿ ಬೀದಿಯ ಹೆಸರು ಹೇಳಿ, ಇಲ್ಲಿ ಯಾರನ್ನು ಬಲ್ಲೆ, ಅಲ್ಲಿ ಯಾರನ್ನು ಬಲ್ಲೆ ಅಂತ ಕೇಳುತ್ತಿದ್ದರಂತೆ. ನನಗೂ ಮಗಳಿದ್ದಾಳೆ. ಆ ಕಾಗದ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಸಂಜೆಗಾಳಿ
'ಹೆಸರು ಹೇಳು, ಬಿಟ್ಟುಬಿಡ್ತೀವಿ' ಅನ್ನೋದು 1950ರ ದಶಕದ ಅಮೆರಿಕದಲ್ಲೂ ನಡೆಯಿತಲ್ವಾ? ಕಮ್ಯುನಿಸ್ಟರನ್ನು ಹುಡುಕುವ ಕಾಲದಲ್ಲಿ. ಆರ್ಥರ್ ಮಿಲ್ಲರ್ ಸೇಲಂ ಮೇಲೆ ನಾಟಕ ಬರೆದದ್ದು 1953ರಲ್ಲಿ. ಮೂರು ವರ್ಷದ ಮೇಲೆ ಸಂಸತ್ತಿನ ಸಮಿತಿ ಅವನನ್ನೇ ಕರೆಸಿ ಬೇರೆ ಲೇಖಕರ ಹೆಸರು ಕೇಳಿತು. ಹೇಳಲಿಲ್ಲ. 1957ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು, 1958ರಲ್ಲಿ ಅದು ರದ್ದಾಯಿತು.

ಕಪ್ಪುಹಲಗೆ
ಹೌದು. ಆದರೆ ಆ ನಾಟಕವನ್ನೇ ಇತಿಹಾಸ ಅಂದುಕೊಳ್ಳಬೇಡಿ. ಆರೋಪ ಹೊರಿಸುವ ಅಬಿಗೇಲ್ ನಾಟಕದಲ್ಲಿ 17ರ ಯುವತಿ, ನಿಜವಾದವಳು 11ರ ಹುಡುಗಿ. ನಾಟಕದ ನಾಯಕ ಪ್ರಾಕ್ಟರ್‌ಗೆ ನಿಜದಲ್ಲಿ ಆಗ 60ರ ಹತ್ತಿರ. ಅವರಿಬ್ಬರ ಪ್ರಣಯ ಕಟ್ಟುಕಥೆ. ನನಗೆ ಅದರ ಮೇಲೆ ಒಂದು ಸಿಟ್ಟಿದೆ. ಇಡೀ ಊರು, ಕೋರ್ಟು, ಚರ್ಚು ಸೇರಿ ಮಾಡಿದ ತಪ್ಪು ಕೊನೆಗೆ ಆಸೆಬುರುಕ ಹುಡುಗಿಯೊಬ್ಬಳ ತಲೆಗೆ ಬಂತು.

ಗುಬ್ಬಚ್ಚಿ
ಅಯ್ಯೋ, ಸೀತೆಯ ಕಥೆಯಲ್ಲೂ ಇದೇ ಆಗಿದೆ! 'ಅಗಸನ ಮಾತು ಕೇಳಿ ಕಾಡಿಗೆ ಕಳಿಸಿದ' ಅಂತೀವಿ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭದ್ರ ಎಂಬವನು ರಾಮನಿಗೆ ಬಂದು ಹೇಳೋದು ಊರಿಗೆ ಊರೇ ಹೀಗೆ ಆಡಿಕೊಳ್ತಿದೆ ಅಂತ. ಆಮೇಲಿನ ಕಥೆಗಳಲ್ಲಿ ಊರೆಲ್ಲ ಮಾಯವಾಗಿ ಒಬ್ಬ ಬಡ ಅಗಸ ಉಳಿದ. ಮೊದಲು ಸೀತೆ ಬಲಿ, ಆಮೇಲೆ ಅಗಸ ಬಲಿ. ಆಡಿಕೊಂಡ ಊರಿನವರು ಎಲ್ಲೂ ಸಿಕ್ಕಿಹಾಕಿಕೊಳ್ಳಲೇ ಇಲ್ಲ.

ನೀಲಿಶಾಯಿ
ಗುಬ್ಬಚ್ಚಿ, ಇದಕ್ಕೆ ನೂರು ಲೈಕ್. ಸೀತಾ ಪರಿತ್ಯಾಗ ಎಷ್ಟು ಸಲ ಓದಿದ್ದೇನೆ, ಹೀಗೆ ನೋಡಿರಲಿಲ್ಲ.

ತೆರೆದಕಿಟಕಿ
ಪದದ ಬಗ್ಗೆ ಒಂದು ಮಾತು. ನಾವು 'ಬಲಿಪಶು', 'ಹರಕೆಯ ಕುರಿ' ಅಂತೀವಿ. ಬಸವಣ್ಣನವರ ವಚನದ ಕುರಿ ತನ್ನನ್ನು ಕೊಲ್ಲುತ್ತಾರೆ ಅಂತ ತಿಳಿಯದೆ ತೋರಣದ ತಳಿರು ಮೇಯುತ್ತದೆ. ಆದರೆ ಬೈಬಲ್ಲಿನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ಎರಡು ಮೇಕೆ ಇವೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆ ಮೇಲೆ ಕೈಯಿಟ್ಟು, ಜನರ ಪಾಪವನ್ನೆಲ್ಲ ಅದರ ಮೇಲೆ ಹೊರಿಸಿ, ಜೀವಂತ ಕಾಡಿಗೆ ಅಟ್ಟುತ್ತಾರೆ. ನಾವು ಇಲ್ಲಿ ಮಾತಾಡುತ್ತಿರುವುದು ಆ ಎರಡನೇ ಮೇಕೆ ಬಗ್ಗೆ. ಅದಕ್ಕೆ ಕನ್ನಡದಲ್ಲಿ ಸರಿಯಾದ ಪದ ಇದೆಯಾ?

ಮರಳುಗಡಿಯಾರ
ಗ್ರೀಕರಲ್ಲೂ ಹೀಗೇ. ಊರಿಗೆ ಕಂಟಕ ಬಂದರೆ ಒಬ್ಬನನ್ನು ಆರಿಸಿ ಹೊರಗೆ ಅಟ್ಟುತ್ತಿದ್ದರು. ಈಡಿಪಸ್ ಕಥೆ ಶುರುವಾಗೋದೇ ಪಿಡುಗಿನಿಂದ, ಮುಗಿಯೋದು ಒಬ್ಬನ ಪತನದಿಂದ. ಪದ ಬೇಕಾದರೆ ಸುಮ್ನೆ 'ಪಾಪ ಹೊತ್ತ ಮೇಕೆ' ಅನ್ನಿ.

ದಾರಿಹೋಕ
ಪದದ ಚರ್ಚೆ ಸಾಕು. ನನ್ನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಇದನ್ನು ಯಾರಾದರೂ ಯಾವತ್ತಾದರೂ ತಡೆದಿದ್ದಾರಾ? ಇಲ್ಲದಿದ್ದರೆ ಸುಮ್ನೆ ದುಃಖದ ಕಥೆ ಹೇಳ್ಕೊಂಡು ಕೂರೋದು ಯಾಕೆ?

ನೀಲಿಶಾಯಿ
ತಡೆದಿದ್ದಾರೆ! ತಡೆದವನು ಸ್ಪೇನಿನ ಇನ್‌ಕ್ವಿಸಿಷನ್‌ನ (ಧರ್ಮದ್ರೋಹ ವಿಚಾರಿಸುವ ಚರ್ಚಿನ ಕೋರ್ಟು) ಅಧಿಕಾರಿಯೇ ಅಂದರೆ ನಂಬುತ್ತೀರಾ?

ಅಲೋನ್ಸೊ ಡಿ ಸಲಜಾರ್ ಫ್ರಿಯಾಸ್. 1610ರಲ್ಲಿ ಲೊಗ್ರೋನ್ಯೊದಲ್ಲಿ ಆರು ಜನರನ್ನು ಮಾಟದ ಆರೋಪದ ಮೇಲೆ ಜೀವಂತ ಸುಟ್ಟ ಮೂವರು ನ್ಯಾಯಾಧೀಶರಲ್ಲಿ ಇವನೂ ಒಬ್ಬ. ಆಗಲೇ ಅವನಿಗೆ ಅನುಮಾನ ಇತ್ತು. ಮುಂದಿನ ವರ್ಷ ಬಾಸ್ಕ್ ಹಳ್ಳಿಗಳಿಗೆ ತಾನೇ ಹೋದ. ತಪ್ಪೊಪ್ಪಿಕೊಂಡ 1,802 ಜನರ ಮಾತು ಕೇಳಿದ. ಅವರಲ್ಲಿ 1,384 ಮಕ್ಕಳು. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ, ಎಲ್ಲಿ ಸೇರುತ್ತಿದ್ದಿರಿ, ಹೇಗೆ ಹೋದಿರಿ ಅಂತ ಕೇಳಿದ. ಒಬ್ಬರದು ಒಬ್ಬರಿಗೆ ಹೊಂದಲಿಲ್ಲ. ಮಾಟದ ಮುಲಾಮು ಅಂತ ಕೊಟ್ಟದ್ದನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಸಿದ. ಏನೂ ಆಗಲಿಲ್ಲ.

ಕೊನೆಗೆ ಅವನು ಬರೆದದ್ದರ ಸಾರ ಇಷ್ಟು: ಆ ವಿಷಯ ಮಾತಾಡಲು, ಬರೆಯಲು ಶುರು ಮಾಡುವ ತನಕ ಅಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೆ ಸಿಕ್ಕವರೂ ಇರಲಿಲ್ಲ. 1614ರಲ್ಲಿ ಮೇಲಿನವರು ಅವನ ಮಾತು ಒಪ್ಪಿ ನಿಯಮ ಬದಲಿಸಿದರು. ಪಕ್ಕದ ದೇಶಗಳಲ್ಲಿ ಇನ್ನೂ ದಶಕಗಟ್ಟಲೆ ಸುಡುತ್ತಿದ್ದರು.

ಮರಳುಗಡಿಯಾರ
1923ರ ಕಥೆಯಲ್ಲೂ ಒಬ್ಬ ಇದ್ದಾನೆ. ತ್ಸುರುಮಿ ಪೊಲೀಸ್ ಠಾಣೆಯ ಮುಖ್ಯಸ್ಥ ಓಕಾವಾ ತ್ಸುನೆಕಿಚಿ. ಸುಮಾರು 300 ಕೊರಿಯನ್ನರನ್ನು ತನ್ನ ರಕ್ಷಣೆಯಲ್ಲಿ ಇಟ್ಟುಕೊಂಡ. ಗುಂಪು ಬಾಗಿಲಿಗೆ ಬಂತು. ಕೊರಿಯನ್ನರ ಹತ್ತಿರ ಸಿಕ್ಕ ವಿಷ ಅಂತ ಬಾಟಲಿ ತೋರಿಸಿದರು. ಅದನ್ನು ಎಲ್ಲರ ಎದುರಿಗೇ ಕುಡಿದುಬಿಟ್ಟ ಅಂತ ಹೇಳುತ್ತಾರೆ. ಬೇರೆ ಕಡೆ ಪೊಲೀಸರೇ ಗುಲ್ಲು ಹಬ್ಬಿಸಿದರು, ಸೈನಿಕರೂ ಕೊಂದರು ಅನ್ನೋದನ್ನೂ ಮರೆಯಬಾರದು. ಒಂದು ಗುಲ್ಲು ಒಂದು ಠಾಣೆಯ ಬಾಗಿಲಲ್ಲಿ ನಿಂತಿತು, ಇನ್ನೊಂದು ಠಾಣೆಯಿಂದ ಹೊರಟಿತು.

ದಾರಿಹೋಕ
ಅಂದರೆ ಕುರ್ಚಿ ಮೇಲೆ ಒಳ್ಳೆಯವನು ಇರಬೇಕು, ಅಷ್ಟೇ.

ಕಪ್ಪುಹಲಗೆ
ಅಷ್ಟೇ ಆಗಿದ್ದರೆ ಸುಲಭ ಇತ್ತು. ಸ್ಟ್ರಾಸ್‌ಬರ್ಗ್‌ನಲ್ಲಿ ನಗರಸಭೆ ಮೊದಲು ಯಹೂದಿಗಳ ಪರ ನಿಂತಿತ್ತು. ಕಸುಬುದಾರರ ಸಂಘಗಳು ಆ ಸಭೆಯನ್ನೇ ಇಳಿಸಿ, ಹೊಸಬರನ್ನು ಕೂರಿಸಿದವು. ನಾಲ್ಕೈದು ದಿನದಲ್ಲಿ ಸುಟ್ಟರು. ಯಹೂದಿಗಳೂ ಪ್ಲೇಗಿನಿಂದ ಸಾಯುತ್ತಿದ್ದಾರೆ, ಅವರೇ ಹೇಗೆ ಕಾರಣ ಆಗ್ತಾರೆ ಅಂತ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಆದೇಶ ಹೊರಡಿಸಿದ್ದ. ಪೋಪನ ಮಾತೂ ನಡೆಯಲಿಲ್ಲ. ಯಾಕೆ ಗೊತ್ತಾ? ಸುಟ್ಟ ಮೇಲೆ ಯಹೂದಿಗಳಿಗೆ ಕೊಡಬೇಕಿದ್ದ ಸಾಲ ಎಲ್ಲ ಮನ್ನಾ ಆಯಿತು. ಅವರ ಹಣವನ್ನು ಹಂಚಿಕೊಂಡರು. ಬರೀ ಭಯ ಅಂತ ಹೇಳಿ ಆ ಜನರನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಸಂಜೆಗಾಳಿ
1666ರ ಲಂಡನ್ ಬೆಂಕಿಯಲ್ಲೂ ಇಂಥ ಲಾಭ ಇತ್ತು. ಬೆಂಕಿ ಹತ್ತಿದ್ದು ಥಾಮಸ್ ಫ್ಯಾರಿನರ್ ಎಂಬವನ ಬೇಕರಿಯಲ್ಲಿ. ಗಲ್ಲಿಗೆ ಹೋದವನು ರಾಬರ್ಟ್ ಹ್ಯೂಬರ್ಟ್, ಫ್ರಾನ್ಸಿನ ಗಡಿಯಾರದ ಕೆಲಸದವನು. ಪಾಪ, ಮಾನಸಿಕವಾಗಿ ಸರಿ ಇರಲಿಲ್ಲ, ನಾನೇ ಹಚ್ಚಿದೆ ಅಂದ. ಬೆಂಕಿ ಶುರುವಾಗಿ ಎರಡು ದಿನ ಆದ ಮೇಲೆ ಅವನು ಲಂಡನ್ನಿಗೆ ಬಂದಿಳಿದದ್ದು ಅಂತ ಆಮೇಲೆ ತಿಳಿಯಿತು. ಅವನ ಮೇಲಿನ ಆರೋಪಪತ್ರಕ್ಕೆ ಸಹಿ ಹಾಕಿದವರಲ್ಲಿ ಫ್ಯಾರಿನರ್ ಮನೆಯವರೂ ಇದ್ದರು.

ಬಿಳಿಹಾಳೆ
ಮೂರು ದಿನದಿಂದ ಇದನ್ನು ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಪರೀಕ್ಷೆಗೆ ಮುಂಚೆ ಒಬ್ಬ ಹುಡುಗಿ ತಲೆಸುತ್ತಿ ಬಿದ್ದಳು. ಅವತ್ತು ಸಂಜೆಯೊಳಗೆ ಹನ್ನೊಂದು ಜನ. ಅವರಲ್ಲಿ ನಾನೂ ಒಬ್ಬಳು. ನಟನೆ ಅಲ್ಲ, ನಿಜವಾಗಿ ಕಣ್ಣು ಕತ್ತಲೆ ಬಂತು, ಕೈಕಾಲು ಜೋಮು ಹಿಡಿದವು. ಡಾಕ್ಟರ್ ನೋಡಿ ಏನೂ ಇಲ್ಲ, ಹೆದರಿದ್ದಾರೆ ಅಂದರು. ಅಲ್ಲಿಗೆ ಮುಗಿಯಬೇಕಿತ್ತು.

ರಾತ್ರಿ ವಾರ್ಡನ್ ಬಂದು ಕೇಳಿದರು, 'ಇದೆಲ್ಲ ಯಾವಾಗಿಂದ ಶುರು? ಹೊಸದಾಗಿ ಏನಾಯ್ತು?' ಹೊಸದಾಗಿ ಬಂದದ್ದು ಒಬ್ಬಳೇ ಹುಡುಗಿ. ಮಾತು ಕಡಿಮೆ, ರಾತ್ರಿ ಅಳುತ್ತಿದ್ದಳು. ಯಾರು ಮೊದಲು ಅವಳ ಹೆಸರು ಹೇಳಿದರೋ ನೆನಪಿಲ್ಲ. ನಾನು ಎರಡನೆಯವಳೋ ಮೂರನೆಯವಳೋ. 'ಅವಳು ನನ್ನ ಹಾಸಿಗೆ ಹತ್ತಿರ ಬಂದು ನಿಂತಿದ್ದಳು' ಅಂದೆ. ನಿಂತಿದ್ದು ನಿಜ. ನೀರು ಬೇಕಾ ಅಂತ ಕೇಳೋಕೆ ಬಂದಿದ್ದಳು. ಅದನ್ನು ನಾನು ಹೇಳಲಿಲ್ಲ. ವಾರದೊಳಗೆ ಅವಳ ತಂದೆ ಬಂದು ಕರೆದುಕೊಂಡು ಹೋದರು.

ಹಳೇಪುಟ ಅವರು ಕೇಳಿದ್ದಾರಲ್ಲ, ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ. ನನಗೆ ಉತ್ತರ ಗೊತ್ತು.

ಗುಬ್ಬಚ್ಚಿ
ಬಿಳಿಹಾಳೆ ಅಕ್ಕಾ, ಆಗ ನೀವೂ ಮಗುವೇ.

ಬಿಳಿಹಾಳೆ
ಅವಳೂ ಮಗುವೇ ಆಗಿದ್ದಳು ಅಲ್ವಾ.

ಹಳೇಪುಟ
ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಬರೆದದ್ದಕ್ಕೆ ಥ್ಯಾಂಕ್ಸ್. ವಾರ್ಡನ್ ಕೇಳಿದ ಆ ಪ್ರಶ್ನೆ, ಮರಳುಗಡಿಯಾರ ಹೇಳಿದ ಪ್ರಶ್ನೆಯೇ.

ದಾರಿಹೋಕ
ನಾನು ಮೇಲೆ ಬರೆದ ಶಿಕ್ಷಣದ ಮಾತು ವಾಪಸ್ ತಗೋತೀನಿ. ಮೇಡಂ, ಆಮೇಲೆ ಅವರು ಯಾವತ್ತಾದರೂ ಸಿಕ್ಕರಾ?

ಬಿಳಿಹಾಳೆ
ಒಂದು ಸಲ, ಹತ್ತು ವರ್ಷ ಆದ ಮೇಲೆ, ಬಸ್ಸಿನಲ್ಲಿ. ಅವಳೇ ಗುರುತು ಹಿಡಿದಳು. 'ನಿನಗೆ ಈಗಲೂ ತಲೆಸುತ್ತು ಬರುತ್ತಾ?' ಅಂತ ಕೇಳಿದಳು. ನಿಜವಾದ ಕಾಳಜಿಯಿಂದಲೇ ಕೇಳಿದಳು. ನಾನು ಇಲ್ಲ ಅಂತ ತಲೆಯಾಡಿಸಿದೆ. ಅಷ್ಟರಲ್ಲಿ ಅವಳ ಸ್ಟಾಪ್ ಬಂತು.

ಕಪ್ಪುಹಲಗೆ
ಸೇಲಂನ ಆನ್ ಪಟ್ನಮ್‌ಗೆ ಆಗ 12 ವರ್ಷ. ಅವಳು ಹೆಸರು ಹೇಳಿದವರಲ್ಲಿ ಎಷ್ಟೋ ಜನ ಗಲ್ಲಿಗೆ ಹೋದರು. 1706ರಲ್ಲಿ ಅವಳು ಚರ್ಚಿನಲ್ಲಿ ಎದ್ದು ನಿಂತಳು. ಅವಳ ಕ್ಷಮೆಯ ಮಾತನ್ನು ಪಾದ್ರಿ ಎಲ್ಲರೆದುರು ಓದಿದರು. ಸತ್ತವರ ಮನೆಯವರೂ ಆ ಊರಲ್ಲೇ ಇದ್ದರು. ಅವಳೂ ತನ್ನನ್ನು ಸೈತಾನ ಮೋಸ ಮಾಡಿದ ಅಂತ ಸ್ವಲ್ಪ ಜಾರಿಕೊಂಡಳು, ನಿಜ. ಆದರೆ ಆರೋಪ ಮಾಡಿದ ಅಷ್ಟು ಹುಡುಗಿಯರಲ್ಲಿ ಹಾಗೆ ಎದ್ದು ನಿಂತು ಕ್ಷಮೆ ಕೇಳಿದವಳು ಅವಳೊಬ್ಬಳೇ.

ನಿಮ್ಮ ಗೆಳತಿಯ ನಂಬರ್ ಸಿಗುತ್ತಾ ನೋಡಿ, ಅಮ್ಮಾ.

ಬಿಳಿಹಾಳೆ
ಹಾಸ್ಟೆಲಿನ ಹಳೆಯ ಒಬ್ಬಳ ಹತ್ತಿರ ಇರಬಹುದು. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.